ಎರಡೂ ಕೈ ಮೇಲೆ

ಮುಳುಗುವವರು ಕೂಗುವುದಿಲ್ಲ. ಇದು ನಿಮಗೆ ಗೊತ್ತಿರಬೇಕಾಗಿತ್ತು. ಕೂಗುವುದಕ್ಕೆ ಎದೆಯಲ್ಲಿ ಗಾಳಿ ಬೇಕು, ಗಾಳಿಯಿದ್ದವರು ತೇಲುತ್ತಾರೆ. ಇಷ್ಟು ಸರಳವಾದ ಸಂಗತಿಯನ್ನು ಅರಿಯದೆ, ಆಪತ್ತಿನಲ್ಲಿರುವವರು ಯಾರೇ ಆಗಲಿ ನಮ್ಮನ್ನು ಕೂಗಿ ಕರೆದೇ ಕರೆಯುತ್ತಾರೆಂಬ ಭರವಸೆಯಲ್ಲಿ ನಾವು ಕೊಳದ ಮೆಟ್ಟಿಲ ಮೇಲೆ ಆರಾಮವಾಗಿ ಕೂತು ಫೋನು ತಿಕ್ಕುತ್ತಿರುತ್ತೇವೆ.

ಕೋಟು ಮೇಷ್ಟ್ರಿಗೆ ಇದು ಗೊತ್ತಿತ್ತು. ಆದ್ದರಿಂದಲೇ ಅವರು ಯಾರ ಮುಖವನ್ನೂ ನೋಡಿ ಮಾತಾಡುತ್ತಿರಲಿಲ್ಲ. ಊರಿನ ಈಜುಕೊಳದ ಅಂಚಿನಲ್ಲಿ ಹತ್ತೊಂಬತ್ತು ವರ್ಷ ನಿಂತ ಆ ಮನುಷ್ಯನನ್ನು ಎದುರಿನಿಂದ ಕಂಡವರು ಬೆರಳೆಣಿಕೆಯಷ್ಟು ಮಂದಿ. ಉಳಿದವರೆಲ್ಲ ಬಲ್ಲದ್ದು ಅವರ ಎಡಗಿವಿಯನ್ನು: ಅಗಲವಾದ, ಅಂಚಿನಲ್ಲಿ ನರೆಗೂದಲು ಚಿಗುರಿದ, ಸಂದಿಯಲ್ಲಿ ಸದಾ ಚಪ್ಪಟೆ ಸೀಮೆಸುಣ್ಣದ ತುಣುಕೊಂದನ್ನು ಸಿಕ್ಕಿಸಿಕೊಂಡ ಎಡಗಿವಿ. ಮಕ್ಕಳ ತಂದೆ ಬಂದರೂ ತಾಯಿ ಬಂದರೂ, ಕ್ಲಬ್ಬಿನ ಅಧ್ಯಕ್ಷರೇ ಬಂದರೂ, ಆ ಕಿವಿಯ ಬಳಿ ನಿಂತು ಅಹವಾಲು ಸಲ್ಲಿಸಬೇಕು. ಉತ್ತರ ನೀರಿನ ಕಡೆಗೆ ಹೋಗಿ, ಎದುರಿನ ಟೈಲ್ಸಿನ ಗೋಡೆಗೆ ಬಡಿದು, ತಿರುಗಿ ಬರುತ್ತಿತ್ತು. ನಡಿಗೆಯೂ ಹಾಗೆಯೇ. ಕಾಲುಗಳು ಒಂದು ದಿಕ್ಕಿಗೆ, ಎದೆ ಇನ್ನೊಂದು ದಿಕ್ಕಿಗೆ. ದಡದುದ್ದಕ್ಕೂ ಏಡಿಯಂತೆ ಅಡ್ಡಡ್ಡ ಸರಿಯುತ್ತಾ, ಬೀದಿಯಲ್ಲಿ ಹೋಗುವಾಗಲೂ ಆ ಅಭ್ಯಾಸ ಬಿಡದೆ, ತಿಂಗಳಿಗೊಮ್ಮೆಯಾದರೂ ವಿದ್ಯುತ್ ಕಂಬಕ್ಕೆ ಹಾಯುತ್ತಿದ್ದರು.

"ನಮ್ಮ ಮದುವೆ ಫೋಟೋ ನೋಡಿ ಬೇಕಾದ್ರೆ," ಎಂದು ಅವರ ಹೆಂಡತಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದರು. "ಒಂದ್ರಲ್ಲೂ ನನ್ನ ಕಡೆ ನೋಡಿಲ್ಲ ಮಹಾರಾಯ. ಹಿಂದೆ ಒಂದು ನೀರಿನ ತೊಟ್ಟಿ ಇತ್ತು, ಅದನ್ನೇ ನೋಡ್ತಾ ನಿಂತಿದ್ದಾರೆ."

ವೃತ್ತಿಯಿಂದ ಅವರು ದರ್ಜಿ. ಮಾರುಕಟ್ಟೆಯ ಹಿಂದಿನ ಇಳಿಜಾರು ರಸ್ತೆಯಲ್ಲಿ, ಗಾಜಿನ ಬಾಗಿಲಿನ ಒಂದು ಅಂಗಡಿ. ಒಳಗೆ ಎರಡು ಹೊಲಿಗೆ ಯಂತ್ರ, ಒಂದು ಅವರದು, ಒಂದು ಹೆಂಡತಿಯದು. ಇಬ್ಬರ ನಡುವೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು. ಹರೆಯದಲ್ಲಿ ಅದೇ ಕೊಳದ ತಂಡಕ್ಕೆ ಗೋಲು ಕಾಯುತ್ತಿದ್ದವರು, ಆಮೇಲೆ ತಂಡದ ಟೋಪಿ ಹೊಲಿಯುವವರಾಗಿ, ಹಳೆಯ ತರಬೇತುದಾರ ಬೇರೆ ಊರಿಗೆ ಹೋದಾಗ "ಹೊಸಬ ಬರೋವರೆಗೂ ನೀವೇ ನೋಡ್ಕೊಳ್ಳಿ" ಎಂದು ಹೇಳಿಸಿಕೊಂಡು, ಹೊಸಬ ಬರಲೇ ಇಲ್ಲವಾಗಿ, ಬೆಳಿಗ್ಗೆ ಐದೂವರೆಯಿಂದ ಎಂಟರವರೆಗೆ ಮೇಷ್ಟ್ರೂ ಆಮೇಲೆ ರಾತ್ರಿಯವರೆಗೆ ದರ್ಜಿಯೂ ಆಗಿ ಉಳಿದರು.

ಆಟ ಯಾವುದೆಂದು ಕೇಳುತ್ತೀರಿ, ಕೇಳಲೇಬೇಕು, ನಿಮ್ಮಲ್ಲಿ ಅರ್ಧ ಜನ ಹೆಸರು ಕೇಳಿ ನಕ್ಕವರು. ವಾಟರ್ ಪೋಲೋ. ಕಾಲಿಗೆ ನೆಲ ಸಿಗದ ನೀರಿನಲ್ಲಿ ಒಂದೊಂದು ಕಡೆಗೆ ಏಳೇಳು ಜನ, ಎರಡು ತುದಿಗೆ ಎರಡು ಗೋಲು, ನಡುವೆ ಒಂದು ಹಳದಿ ಚೆಂಡು. ಅಂಚು ಹಿಡಿಯುವಂತಿಲ್ಲ, ತಳ ಮೆಟ್ಟುವಂತಿಲ್ಲ. ಮೇಲೆ ನೋಡಿದರೆ ಕೈಗಳ ಆಟ, ಕೆಳಗಿಳಿದು ನೋಡಿದರೆ ಕಾಲುಗಳ ಕಾಳಗ. ಕಿವಿಗೆ ಪೆಟ್ಟಾಗದಂತೆ ಎರಡು ಕಡೆ ಗಟ್ಟಿ ಬಿಲ್ಲೆ ಇರುವ, ಗಲ್ಲದ ಕೆಳಗೆ ದಾರ ಕಟ್ಟುವ ಟೋಪಿ. ಟೋಪಿಯ ಮೇಲೆ ಅಂಕಿ. ಮೇಷ್ಟ್ರು ಮಕ್ಕಳನ್ನು ಆ ಅಂಕಿಗಳಿಂದಲೇ ಕರೆಯುತ್ತಿದ್ದರು, ಕ್ರಮೇಣ ಬೀದಿಯೂ ಹಾಗೆಯೇ ಕರೆಯತೊಡಗಿ, ಸಂಜೆ ಯಾರದೋ ಕಿಟಕಿಯಿಂದ "ಏ ಏಳೂ, ಎಷ್ಟು ಸಲ ಕರೀಬೇಕೋ ನಿನ್ನ, ಏಳೋ ಅಲ್ಲಿಂದ!" ಎಂಬ ಕೂಗು ಕೇಳಿದರೆ ಅದರಲ್ಲಿ ಸಿಟ್ಟಿದೆಯೋ ಶ್ಲೇಷೆಯಿದೆಯೋ ತಿಳಿಯುತ್ತಿರಲಿಲ್ಲ.

ಇನ್ನು ಕೋಟು. ಕಂದು ಬಣ್ಣದ ಉಣ್ಣೆಯ ಕೋಟು. ಅಳತೆ ಕೊಟ್ಟು ಹೋದವನೊಬ್ಬ ಮತ್ತೆ ಬಾರದೆ ಉಳಿದದ್ದು. ಆದಕಾರಣ ಮೇಷ್ಟ್ರ ಎಡಭುಜಕ್ಕೆ ಅದು ಯಾವಾಗಲೂ ಬೇರೊಬ್ಬನ ಭುಜವಾಗಿಯೇ ಜೋಲುತ್ತಿತ್ತು. ಕ್ಲೋರಿನ್ನಿನ ಹಬೆಯಲ್ಲಿ, ಕನ್ನಡಕ ಮಂಜಾಗುವ ಸೆಕೆಯಲ್ಲಿ, ಸುತ್ತಲಿನ ಜಗತ್ತು ಚಡ್ಡಿಯಲ್ಲಿರುವಾಗ ಇವರೊಬ್ಬರು ಉಣ್ಣೆಯಲ್ಲಿ. ಕೇಳಿದವರಿಗೆ "ಜೇಬು ಬೇಕು" ಎನ್ನುತ್ತಿದ್ದರು. ಅಷ್ಟೇ. ಜೇಬಿನಲ್ಲೇನಿತ್ತೆಂದು ಬಹುಕಾಲ ಯಾರಿಗೂ ತಿಳಿಯಲಿಲ್ಲ. ತಂಬಾಕು ಎಂದವರಿದ್ದರು, ಔಷಧ ಎಂದವರಿದ್ದರು. ಇದ್ದದ್ದು ಗುಂಡಿಗಳು. ಹದಿಮೂರು ಟೋಪಿಗೆ ಹದಿಮೂರು ಗುಂಡಿ, ಒಂದರಂತೆ ಇನ್ನೊಂದಿಲ್ಲ, ಬೆರಳು ಮುಟ್ಟಿದರೆ ಯಾವುದೆಂದು ತಿಳಿಯಬೇಕು: ಒಂದಕ್ಕೆ ಲೋಹದ್ದು, ಎರಡಕ್ಕೆ ಮರದ್ದು, ನಾಲ್ಕಕ್ಕೆ ಅಂಚು ಮುಕ್ಕಾದ ಚಿಪ್ಪಿನದು. ಎಡಜೇಬು ದಡ, ಬಲಜೇಬು ನೀರು. ಮಗು ಇಳಿಯಿತೆಂದರೆ ಗುಂಡಿ ಬಲಕ್ಕೆ ಹೋಗುತ್ತಿತ್ತು, ಹತ್ತಿತೆಂದರೆ ಎಡಕ್ಕೆ. ಪಂದ್ಯದ ನಡುವೆ ಆಟಗಾರರು ಬದಲಾದರೂ ಅಷ್ಟೇ. ಕಣ್ಣು ನೀರಿನ ಮೇಲಿಟ್ಟು, ಎರಡು ಕೈಗಳನ್ನು ಎರಡು ಜೇಬಿನಲ್ಲಿಟ್ಟು, ಚೆಂಡು ನಿಂತಾಗಲೆಲ್ಲ ಅವರು ಬೆರಳಿನಿಂದ ತಲೆಗಳನ್ನು ಎಣಿಸುತ್ತಿದ್ದರು.

ಮಾತು ಕಡಿಮೆ. ಇದ್ದ ಕೆಲವೇ ಮಾತುಗಳಲ್ಲಿ ಒಂದು ಮಾತು ಎಲ್ಲಕ್ಕೂ ಸಲ್ಲುತ್ತಿತ್ತು: "ಮೇಲೆ ಬಾ." ನೀರಿನಿಂದ ಹತ್ತು ಎಂಬುದಕ್ಕೆ ಮೇಲೆ ಬಾ, ಸಾಕು ಮಾಡು ಎಂಬುದಕ್ಕೂ ಮೇಲೆ ಬಾ. ಅಳುವ ಮಗುವಿಗೆ, ಸುಳ್ಳು ಹೇಳುವ ಮಗುವಿಗೆ, ತನ್ನ ಹೊಸ ಮನೆಯ ವರ್ಣನೆಯಲ್ಲಿ ಮೂರನೇ ಕೋಣೆಗೆ ಕಾಲಿಟ್ಟ ಭಾವಮೈದನಿಗೆ ಕೂಡ: "ಆಯ್ತು, ಮೇಲೆ ಬಾ."

ಕೊಳದ ಬಾಗಿಲ ಬಳಿ ಒಂದು ಕಪ್ಪು ಹಲಗೆಯಿತ್ತು. ಕ್ಲಬ್ಬಿನ ಸುದ್ದಿಯನ್ನು ಬರೆಯುವುದು ಮೇಷ್ಟ್ರೇ, ಬಟ್ಟೆಗೆ ಗೆರೆ ಹಾಕುವ ಅದೇ ಚಪ್ಪಟೆ ಸೀಮೆಸುಣ್ಣದಲ್ಲಿ. ಸುದ್ದಿಯ ಮೊದಲ ಸಾಲು ಹತ್ತೊಂಬತ್ತು ವರ್ಷವೂ ಬದಲಾಗಲಿಲ್ಲ. ಮೊದಲ ಪಂದ್ಯಾವಳಿಗೆ ಹೋಗಿ ಚಿಂದಿಯಾಗಿ ಮರಳಿದ ಮರುದಿನ ಅವರು ಬರೆದದ್ದು ಹೀಗೆ: "ಇಳಿದವರು ಹದಿಮೂರು. ಹತ್ತಿದವರು ಹದಿಮೂರು. ಎದುರಾಳಿ ಹತ್ತೊಂಬತ್ತು ಗೋಲು, ನಾವು ಒಂದು. ಆ ಒಂದು ಎಂಟನೇ ಟೋಪಿಯದು, ಕಣ್ಣು ಮುಚ್ಚಿಕೊಂಡು ಎಸೆದದ್ದು." ಕ್ಲಬ್ಬಿನ ಕಾರ್ಯದರ್ಶಿಗೆ ಇದನ್ನು ಓದಿ ಮೈ ಉರಿಯಿತು. ಆತ ಚೆನ್ನಾಗಿ ಇಸ್ತ್ರಿ ಮಾಡಿದ ಮನುಷ್ಯ. ಅಂಗಿಯಲ್ಲಷ್ಟೇ ಅಲ್ಲ, ಮಾತಿನಲ್ಲೂ ಒಂದು ಸುಕ್ಕು ಇರುತ್ತಿರಲಿಲ್ಲ.

"ಮೇಷ್ಟ್ರೇ, ಇದೇನ್ರೀ, ಸುದ್ದಿ ಅಂದ್ರೆ ಒಂದು ಉತ್ಸಾಹ ಬೇಡ್ವಾ? ಇಳಿದ್ರು, ಹತ್ತಿದ್ರು... ಬಸ್ಸಿನ ಕಂಡಕ್ಟರ್ ಬರೆದ ಹಾಗಿದೆ."

"ಹದಿಮೂರು ಹತ್ತಿದ್ದಾರಲ್ಲ ಸಾರ್," ಎಂದರು ಮೇಷ್ಟ್ರು ನೀರಿಗೆ. "ಅದೇ ಸುದ್ದಿ."

ಮುಂದೆ ಗೋಲುಗಳು ಬಂದವು, ಗೆಲುವುಗಳೂ ಬಂದವು. ಇತ್ತೀಚಿನ ಒಂದು ಪಂದ್ಯಾವಳಿಯಲ್ಲಿ ಎರಡನೇ ಟೋಪಿಯ ಹುಡುಗ ತನ್ನದೇ ಗೋಲಿಗೆ ಚೆಂಡು ಹಾಕಿ, ಹೊರಗೆ ಬಂದು ಬಟ್ಟೆ ಬದಲಿಸುವ ಕೋಣೆಯ ಬೆಂಚಿನ ಕೆಳಗೆ ಅಡಗಿದಾಗ ಮೇಷ್ಟ್ರು ಕೋಟಿನ ಸಮೇತ ಅದೇ ಬೆಂಚಿನ ಕೆಳಗೆ ತೂರಿ, ಒಂದು ಗಂಟೆ ಅವನ ಪಕ್ಕ ಮಲಗಿ, ಕೊನೆಗೆ "ಸರಿ, ಇಬ್ಬರೂ ಮೇಲೆ ಬರೋಣ" ಎಂದರಂತೆ. ಹಲಗೆಯ ಮೇಲೆ ಆ ದಿನದ ಸುದ್ದಿ: "ಹತ್ತಿದವರು ಹದಿಮೂರು. ಎರಡನೇ ಟೋಪಿ ಸ್ವಲ್ಪ ತಡವಾಗಿ."

ಆ ಹದಿಮೂರರಲ್ಲಿ ನಾಲ್ಕು ಒಬ್ಬ ಹುಡುಗಿ. ಹದಿನಾಲ್ಕು ವರ್ಷದೊಳಗಿನವರ ತಂಡದಲ್ಲಿ ಹುಡುಗರೂ ಹುಡುಗಿಯರೂ ಒಟ್ಟಿಗೇ ಆಡಬಹುದು, ಇವಳಿಗೆ ಹದಿಮೂರು. ಅಪ್ಪ ಅಮ್ಮ ಇಲ್ಲ, ಬೆಳೆಸಿದ್ದು ಅಜ್ಜಿ. ಗೂಟದಂತೆ ನೇರ ಬೆನ್ನು, ಅಗಲ ಪಾದ, ಮತ್ತು ಒಂದು ದುರಭ್ಯಾಸ: ಹಿಡಿದುಕೊಳ್ಳುವುದು. ಬೀದಿಯಲ್ಲಿ ನಡೆದರೆ ಅಜ್ಜಿಯ ಬೆರಳು ಹಿಡಿಯುತ್ತಿದ್ದಳು, ಸಾಲಿನಲ್ಲಿ ನಿಂತರೆ ಮುಂದಿನವಳ ಜಡೆ, ನೀರಿನಲ್ಲಿ ಎದುರಾಳಿಯ ಭುಜ. ಈ ಆಟದಲ್ಲಿ ಅದು ಅಪರಾಧ. ಚೆಂಡಿಲ್ಲದವರನ್ನು ಹಿಡಿದರೆ ಸೀಟಿ ಬೀಳುತ್ತದೆ. ದೊಡ್ಡ ತಪ್ಪು ಮೂರಾದರೆ ಆ ಪಂದ್ಯದಿಂದಲೇ ಹೊರಗೆ. ಎರಡು ಪಂದ್ಯಾವಳಿಗಳಲ್ಲಿ ಅವಳು ಅರ್ಧ ಆಟ ಬೆಂಚಿನ ಮೇಲೆ ಕೂತು ಉಗುರು ಕಚ್ಚಿದಳು.

ರೆಫರಿಗೆ ನೀರಿನ ಒಳಗೆ ಕಾಣುವುದಿಲ್ಲ. ಆದ್ದರಿಂದ ಈ ಆಟದಲ್ಲಿ ಕಾಯುವವರಿಗೆ ಒಂದು ಭಾಷೆಯಿದೆ: ಎದುರಾಳಿಗೆ ಮೈ ತಾಗಿಸಿ ನಿಂತಾಗ ಎರಡೂ ಕೈಗಳನ್ನು ನೀರಿನಿಂದ ಎತ್ತಿ ತೋರಿಸುವುದು. ನೋಡಿ, ನಾನು ಯಾರನ್ನೂ ಹಿಡಿದಿಲ್ಲ ಎಂದು. ಹೇಳಿದಷ್ಟು ಸುಲಭವಲ್ಲ ಅದು. ಕೈ ಎತ್ತಿದ ಕೂಡಲೇ ದೇಹದ ಭಾರವೆಲ್ಲ ಕಾಲಿಗೆ ಇಳಿಯುತ್ತದೆ, ಕಾಲು ಬಿಡುವಿಲ್ಲದೆ ನೀರನ್ನು ಕಡೆಯುತ್ತಿರಬೇಕು. ಮೇಷ್ಟ್ರು ಅವಳಿಗೆ ಎರಡು ತಿಂಗಳು ಅದೊಂದನ್ನೇ ಕಲಿಸಿದರು. ಕೊಳದ ಆಳದ ತುದಿಯಲ್ಲಿ ಅವಳನ್ನು ನಿಲ್ಲಿಸಿ, ತಮ್ಮ ಅಳತೆಯ ಟೇಪನ್ನು ಅವಳ ಎರಡು ಕೈಗಳ ನಡುವೆ ಚಾಚಿ ಹಿಡಿಸಿ, "ಟೇಪು ಒದ್ದೆಯಾದ್ರೆ ಮೊದಲಿಂದ" ಎನ್ನುತ್ತಿದ್ದರು.

"ನಿಮ್ಮ ಟೇಪು ಒದ್ದೆಯಾಗಿ ಎಳೆದುಕೊಂಡ್ರೆ ಮೇಷ್ಟ್ರೇ, ಊರವರ ಪ್ಯಾಂಟೆಲ್ಲ ಮೂರಿಂಚು ಗಿಡ್ಡ ಆಗುತ್ತೆ!"

"ಆಗ್ಲಿ. ಕೈ ಮೇಲೆ. ಎರಡೂ ಕೈ ಮೇಲೆ."

ಟೇಪು ಅರವತ್ತು ಸಲ ಒದ್ದೆಯಾಯಿತು. ಅರವತ್ತೊಂದನೆಯ ಸಲ ಆಗಲಿಲ್ಲ. ಮರುದಿನ ಹಲಗೆಯ ಮೇಲೆ: "ನಾಲ್ಕನೇ ಟೋಪಿಗೆ ಕೈ ಎತ್ತುವುದು ಬಂತು."

ಆ ವರ್ಷ ಕ್ಲಬ್ಬು ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. ಪಂದ್ಯಾವಳಿ ನಮ್ಮೂರ ಕೊಳದಲ್ಲೇ. ಇಡೀ ಬೀದಿ ಗ್ಯಾಲರಿಯಲ್ಲಿ. ಕಾರ್ಯದರ್ಶಿ ಬೆಂಚಿನವರಿಗೆಲ್ಲ ಒಂದೇ ಬಗೆಯ ನೀಲಿ ಟೀ ಶರ್ಟ್ ತಂದಿದ್ದರು.

"ಮೇಷ್ಟ್ರೇ, ಕ್ಯಾಮೆರಾದವರು ಬಂದಿದ್ದಾರೆ. ಇವತ್ತೊಂದು ದಿನ ಆ ಕಂಬಳಿ ಬಿಚ್ಚಿ."

"ಜೇಬು ಬೇಕು ಸಾರ್."

"ಜೇಬಲ್ಲಿ ಏನಿಟ್ಕೋತೀರ್ರೀ, ಕಪ್ಪಾ? ಬಿಚ್ಚಿ, ಬಿಚ್ಚಿ. ಮಕ್ಕಳಿಗೆ ಅವಮಾನ ಆಗುತ್ತೆ."

ಮಕ್ಕಳಿಗೆ ಅವಮಾನ ಎಂಬ ಮಾತು ಕೇಳಿ ಅವರು ಬಿಚ್ಚಿದರು. ಕೋಟು ಬಟ್ಟೆ ಬದಲಿಸುವ ಕೋಣೆಯ ಮೊಳೆಗೆ ಹೋಯಿತು. ಅವರನ್ನು ಕೋಟಿಲ್ಲದೆ ಕಂಡು ನಮಗೆ ನಗು. ಇಷ್ಟು ಸಣ್ಣ ಮನುಷ್ಯನೇ ಒಳಗಿದ್ದದ್ದು ಎಂದು ಯಾರೋ ಅಂದರು.

ಮೂರನೇ ಅವಧಿಯ ಕೊನೆಯಲ್ಲಿ, ಇಬ್ಬರಿಗೂ ಐದೈದು ಗೋಲು. ನಮ್ಮ ಗೋಲಿನ ಎದುರು, ಎಡಬದಿಯಲ್ಲಿ, ನಾಲ್ಕು ತನಗಿಂತ ದಪ್ಪನೆಯ ಎದುರಾಳಿಯೊಬ್ಬನಿಗೆ ಮೈ ಕೊಟ್ಟು ನಿಂತಿದ್ದಳು. ಅವನು ಹೊರಳಿದಾಗ ಅವನ ಮೊಣಕೈ ಅವಳ ಕಿವಿಯ ಬಿಲ್ಲೆಯ ಕೆಳಗೆ, ಕತ್ತಿನ ಮೃದುವಾದ ಜಾಗಕ್ಕೆ ತಾಗಿತು. ಬೇಕೆಂದು ಹೊಡೆದದ್ದಲ್ಲ, ಆ ಹುಡುಗನಿಗೆ ಇವತ್ತಿಗೂ ಹಾಗೆ ನಂಬಿಸುವವರು ಯಾರಾದರೂ ಇರಲಿ. ಇದನ್ನು ಆಗ ಯಾರೂ ನೋಡಲಿಲ್ಲ. ನಾವು ನೋಡಿದ್ದು, ಅವಳು ಎರಡೂ ಕೈ ಎತ್ತಿದ್ದನ್ನು. ಇಷ್ಟೆತ್ತರ, ನೇರವಾಗಿ, ಬೆರಳುಗಳನ್ನು ಬಿಡಿಸಿ.

"ಶಭಾಷ್ ನಾಲ್ಕು!" ಎಂದು ಮೇಷ್ಟ್ರು ಕೂಗಿದರು. ಹತ್ತೊಂಬತ್ತು ವರ್ಷದಲ್ಲಿ ಅವರ ಬಾಯಿಂದ ಆ ಪದ ಕೇಳಿದವರಿಲ್ಲ. ಆಟ ಬಲ್ಲವರೆಲ್ಲ ಚಪ್ಪಾಳೆ ತಟ್ಟಿದರು. ಬಾರದವರು ಅವರನ್ನು ನೋಡಿ ತಟ್ಟಿದರು. ಅಷ್ಟರಲ್ಲಿ ನಮ್ಮ ಒಂಬತ್ತನೇ ಟೋಪಿ ಚೆಂಡು ಕಸಿದ. ಹಳದಿ ಚೆಂಡು ಕೊಳದ ಆ ತುದಿಗೆ ಹಾರಿತು, ಅದರ ಹಿಂದೆ ಆಟಗಾರರು, ಅವರ ಹಿಂದೆ ಕಣ್ಣುಗಳು. ರೆಫರಿಗಳ ಕಣ್ಣು, ಜೀವರಕ್ಷಕನ ಕಣ್ಣು, ಕಾರ್ಯದರ್ಶಿಯ ಕಣ್ಣು, ನಿಮ್ಮ ಕಣ್ಣು, ನನ್ನ ಕಣ್ಣು. ಎಂದೂ ಚೆಂಡನ್ನು ನೋಡದ ಮನುಷ್ಯನ ಕಣ್ಣೂ ಅಂದು ಚೆಂಡನ್ನೇ ನೋಡಿತು.

ಗ್ಯಾಲರಿಯ ಮೇಲಿನ ಮೆಟ್ಟಿಲಲ್ಲಿ ನಾಲ್ಕರ ಅಜ್ಜಿ ಕೂತಿದ್ದರು. ಜೀವಮಾನದಲ್ಲಿ ಮೊದಲ ಪಂದ್ಯ. ಚೆಂಡು ಎಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಎದ್ದು ನಿಂತು ಕೂಗತೊಡಗಿದರು: "ಎತ್ಕೊಳ್ರೋ! ಯಾರಾದ್ರೂ ಎತ್ಕೊಳ್ರೋ!"

"ಕಪ್ ಫೈನಲ್‌ನಲ್ಲಿ ಎತ್ಕೊಳ್ಳೋದು ಅಜ್ಜಿ," ಎಂದ ಮುಂದಿನ ಸಾಲಿನವನೊಬ್ಬ. "ಸ್ವಲ್ಪ ತಾಳ್ಮೆ ಇರ್ಲಿ!"

ಸುತ್ತಲಿನವರೆಲ್ಲ ನಕ್ಕರು. ನಾನೂ ನಕ್ಕೆ.

ಗೋಲಾಯಿತು. ಗ್ಯಾಲರಿ ಎದ್ದು ನಿಂತಿತು. ಅಜ್ಜಿಯ ದನಿ ಆ ಗದ್ದಲದೊಳಗೆ ಕರಗಿಹೋಯಿತು. ಎದುರು ತಂಡದವರು ವಿರಾಮ ಕೇಳಿದರು. ನಮ್ಮ ಮಕ್ಕಳು ಬೆಂಚಿನ ಕಡೆಗೆ ಈಜಿ ಬಂದರು, ಒಬ್ಬರನ್ನೊಬ್ಬರು ತಟ್ಟುತ್ತಾ, ನೀರು ಎರಚುತ್ತಾ. ಮೇಷ್ಟ್ರ ಬಲಗೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಜೇಬಿರಲಿಲ್ಲ. ಕೈ ನುಣುಪಾದ ನೀಲಿ ಬಟ್ಟೆಯ ಮೇಲೆ ಜಾರಿ ಕೆಳಗೆ ಬಿತ್ತು, ಮತ್ತೆ ಹೋಯಿತು, ಮತ್ತೆ ಜಾರಿತು. ಮೂರನೆಯ ಸಲಕ್ಕೆ ಅವರು ಕಣ್ಣಿಂದ ಎಣಿಸಿದರು. ಆರು.

ಬೂಟು ಹಾಕಿಕೊಂಡೇ ಹಾರಿದರು. ಅವಳನ್ನು ಮೇಲಕ್ಕೆ ತಂದಾಗ, ನಿದ್ದೆ ಹೋದ ಮಗುವನ್ನು ಎತ್ತಿಕೊಳ್ಳುವ ಹಾಗೆ ಎದೆಗೆ ಅವಚಿಕೊಂಡಿದ್ದರು. ಅವಳು ನೀರಿನಡಿ ಇದ್ದದ್ದು ಒಂದೂವರೆ ನಿಮಿಷವೆಂದು ಆಮೇಲೆ ತಿಳಿಯಿತು. ಯಾರದೋ ಫೋನಿನಲ್ಲಿ ಅದೆಲ್ಲ ಇದೆ. ಚೌಕಟ್ಟಿನ ಎಡ ಅಂಚಿನಲ್ಲಿ ಮೊಣಕೈ ತಾಗುತ್ತದೆ, ಎರಡು ಕೈ ಏಳುತ್ತವೆ, ಶಭಾಷ್ ಎಂಬ ದನಿ ಕೇಳುತ್ತದೆ, ಫೋನು ಚೆಂಡಿನ ಹಿಂದೆ ಹೊರಟುಹೋಗುತ್ತದೆ. ಆಸ್ಪತ್ರೆಯಲ್ಲಿ ಮೂರನೆಯ ದಿನ ಹುಡುಗಿ ಹೋದಳು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದನ್ನು ದುರಂತ ಎಂದು ಕರೆದು ಕಣ್ಣೊರೆಸಿಕೊಳ್ಳಬಹುದಾಗಿತ್ತು. ಊರಿನ ನಿಜವಾದ ಮುಖ ಕಂಡದ್ದು ಆಮೇಲೆ.

ನಾಲ್ಕನೆಯ ದಿನ ಬೆಳಿಗ್ಗೆ ಕಪ್ಪು ಹಲಗೆಯ ಮೇಲೆ ಸುದ್ದಿಯಿತ್ತು. "ಇಳಿದವರು ಹದಿಮೂರು. ಹತ್ತಿದವರು ಹನ್ನೆರಡು. ನಾಲ್ಕು ಎರಡೂ ಕೈ ಎತ್ತಿದಳು. ನಾನು ಶಭಾಷ್ ಎಂದೆ. ಚೆಂಡು ನೋಡಿದೆ." ಎಂಟು ಗಂಟೆಯ ಹೊತ್ತಿಗೆ ಅದನ್ನು ಒರೆಸಲಾಗಿತ್ತು. ಪಕ್ಕದಲ್ಲಿ ಕ್ಲಬ್ಬಿನ ಸಮಿತಿಯ ಟೈಪು ಮಾಡಿದ ಪ್ರಕಟಣೆ: ಆಟಗಾರ್ತಿಗೆ ಮೊದಲಿನಿಂದಲೂ ಉಸಿರಾಟದ ತೊಂದರೆಯಿತ್ತೆಂದೂ, ಅದನ್ನು ಮನೆಯವರು ಮುಚ್ಚಿಟ್ಟಿದ್ದರೆಂದೂ, ಸಮಿತಿ ತೀವ್ರ ಸಂತಾಪ ವ್ಯಕ್ತಪಡಿಸುತ್ತದೆಂದೂ. ಮರುದಿನ ಮೇಷ್ಟ್ರು ಮತ್ತೆ ಬರೆದರು, ಅದೇ ಸಾಲು. ಮತ್ತೆ ಒರೆಸಲಾಯಿತು. ಒಂಬತ್ತು ದಿನ ಹೀಗೆ ನಡೆಯಿತು. ಊರು ದಿನವೂ ಹಾದುಹೋಗುತ್ತಾ, ಬರೆದದ್ದನ್ನೂ ಓದಿತು, ಒರೆಸಿದ್ದನ್ನೂ ಓದಿತು, ಬಾಯಿ ಬಿಡಲಿಲ್ಲ.

ಅದರ ಮರುದಿನ ಕಾರ್ಯದರ್ಶಿ ಅಂಗಡಿಗೆ ಬಂದರು, ಕೈಯಲ್ಲಿ ಒಂದು ಹಾಳೆ. ಪ್ರಕಟಣೆಯಲ್ಲಿದ್ದ ಮಾತೇ, ಕೆಳಗೆ ತರಬೇತುದಾರರ ಸಹಿಗೆ ಜಾಗ.

"ಪೋಲೋ ಸಂಘದವರ ವಿಚಾರಣೆ ಬುಧವಾರ. ಇದಕ್ಕೊಂದು ಸಹಿ ಹಾಕಿ, ಎಲ್ಲ ಸಲೀಸು. ಹಾಕ್ಲಿಲ್ಲ ಅಂದ್ರೆ ಕ್ಲಬ್ಬನ್ನೇ ಅಮಾನತು ಮಾಡ್ತಾರೆ. ಹನ್ನೆರಡು ಮಕ್ಕಳು ನೀರು ಕಾಣಲ್ಲ. ನಿಮಗೆ ಬೇಕಾ ಆ ಪಾಪ?"

ಮೇಷ್ಟ್ರು ಹಾಳೆಯನ್ನು ಬಟ್ಟೆ ಕತ್ತರಿಸುವ ಮೇಜಿನ ಮೇಲಿಟ್ಟರು. ಹೆಂಡತಿಯ ಯಂತ್ರದ ಸದ್ದು ನಿಂತಿತು.

"ಅವಳಿಗೆ ಏನೂ ಇರ್ಲಿಲ್ಲ ಸಾರ್. ಚೆನ್ನಾಗಿದ್ಲು."

"ಅದು ನನಗೂ ಗೊತ್ತು ನಿಮಗೂ ಗೊತ್ತು. ಕಾಗದಕ್ಕೆ ಗೊತ್ತಾಗಬೇಕಾ?"

ಆ ಸಂಜೆ ಹನ್ನೆರಡು ಮಕ್ಕಳ ಹೆತ್ತವರೂ ಬಂದರು. ಒಬ್ಬೊಬ್ಬರಾಗಿ ಬರಲು ನಾಚಿಕೆಯಾಗಿ ಗುಂಪಾಗಿ ಬಂದರು. ಅಂಗಡಿಯಲ್ಲಿ ಜಾಗವಿಲ್ಲದೆ ಇಳಿಜಾರಿನಲ್ಲಿ ನಿಂತರು. ಅವರಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನಾವು ಯಾವತ್ತೂ ಇರುವುದಿಲ್ಲ. ಎರಡನೇ ಟೋಪಿಯ ತಂದೆ, ಬೆಂಚಿನ ಕೆಳಗಿಂದ ಯಾರ ಮಗನನ್ನು ಮೇಷ್ಟ್ರು ಮೇಲೆ ತಂದಿದ್ದರೋ ಅವನೇ, ಮುಂದೆ ನಿಂತು ಹೇಳಿದ:

"ಹೋದವಳು ಹೋದ್ಲು ಮೇಷ್ಟ್ರೇ. ಇರೋ ಮಕ್ಕಳ ಮುಖ ನೋಡಿ."

ಮೇಷ್ಟ್ರು ಬೀದಿಯ ಆಚೆಯ ಗೋಡೆಯನ್ನು ನೋಡುತ್ತಾ "ಆಯ್ತು, ಮೇಲೆ ಬನ್ನಿ" ಎಂದರು. ಅವರು ಅದನ್ನು ಒಳಗೆ ಬನ್ನಿ ಎಂದು ತಿಳಿದು ಮೆಟ್ಟಿಲು ಹತ್ತಿದರು. ಮೇಷ್ಟ್ರು ಬಾಗಿಲು ಹಾಕಿಕೊಂಡರು.

ಆದರೂ ಅವರು ಡೋಲಾಯಮಾನರಾಗಿದ್ದರೆಂಬುದನ್ನು ಮುಚ್ಚಿಡಬಾರದು. ಹಾಳೆಯನ್ನು ಹರಿಯಲಿಲ್ಲ, ಹಿಂದಿರುಗಿಸಲೂ ಇಲ್ಲ. ಅದು ಮೇಜಿನ ಮೇಲೆ ಕತ್ತರಿಯ ಕೆಳಗೆ ಎರಡು ದಿನ ಇತ್ತು. ಹನ್ನೆರಡು ಮಕ್ಕಳು ಬೆಳಿಗ್ಗೆ ಐದೂವರೆಗೆ, ವಿಚಾರಣೆ ಮುಗಿಯುವವರೆಗೆಂದು ಬೀಗ ಹಾಕಿದ ಕೊಳದ ಬಾಗಿಲಿಗೆ ಬಂದು, ಟವೆಲು ಹೆಗಲಿಗೆ ಹಾಕಿಕೊಂಡು ನಿಂತು ಹೋಗುತ್ತಿದ್ದರು. ಮೇಷ್ಟ್ರು ಅದನ್ನು ಕಂಡಿದ್ದರು. ಸೋಮವಾರ ಸಂಜೆ ಅವರು ಸೀಮೆಸುಣ್ಣ ಇಟ್ಟು ಪೆನ್ನು ಹುಡುಕಿದ್ದನ್ನು ಹೆಂಡತಿ ನೋಡಿದರು.

ಮಂಗಳವಾರ ಮಧ್ಯಾಹ್ನ ಅಜ್ಜಿ ಬಂದರು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಸುಧಾರಿಸಿಕೊಂಡರು. ಬೈಯಲು ಬಂದಿದ್ದಾರೆಂದು ಮೇಷ್ಟ್ರ ಹೆಂಡತಿ ನೀರಿನ ಲೋಟ ಹಿಡಿದು ನಿಂತರು.

"ಒಂದು ಕೇಳ್ಬೇಕಿತ್ತು," ಎಂದರು ಅಜ್ಜಿ. "ನನಗೆ ನಿಮ್ಮ ಆಟ ಬರಲ್ಲ. ನೀವು ಅವಳಿಗೆ ಶಭಾಷ್ ಅಂದ್ರಂತೆ. ಎಲ್ಲಾರೂ ಚಪ್ಪಾಳೆ ತಟ್ಟಿದ್ರು. ಯಾಕೆ? ನಿಮ್ಮ ಆಟದಲ್ಲಿ ಎರಡೂ ಕೈ ಎತ್ತಿದ್ರೆ ಏನರ್ಥ?"

ಮೇಷ್ಟ್ರು ಹೇಳಿದರು. ರೆಫರಿಗೆ ನೀರಿನ ಒಳಗೆ ಕಾಣದಿರುವುದು, ಹಿಡಿದರೆ ತಪ್ಪಾಗುವುದು, ನಾನು ಯಾರನ್ನೂ ಹಿಡಿದಿಲ್ಲ ಎಂದು ತೋರಿಸುವುದು, ಟೇಪು, ಅರವತ್ತು ಸಲ. ಅಜ್ಜಿ ಒಂದೊಂದಕ್ಕೂ ತಲೆಯಾಡಿಸುತ್ತಾ ಕೇಳಿದರು, ಅರ್ಥ ಮಾಡಿಕೊಳ್ಳಬೇಕೆಂದೇ ಬಂದವರ ಹಾಗೆ.

"ಹಾಗಾ," ಎಂದರು ಕೊನೆಗೆ. "ನಮ್ಮನೇಲಿ ಅದಕ್ಕೆ ಎತ್ಕೋ ಅಂತ ಅರ್ಥ."

ಹೆಂಡತಿ ನೀರಿನ ಲೋಟವನ್ನು ಮೇಜಿನ ಮೇಲಿಟ್ಟರು.

"ಮಾತು ಬರೋಕೆ ಮುಂಚೆ ಅವಳು ಹಾಗೇ ಮಾಡ್ತಿದ್ಲು. ಎಲ್ಲ ಮಕ್ಕಳೂ ಮಾಡಲ್ವೇ? ಕಾಲು ನೋವು ಬಂದ್ರೆ, ಹೆದರಿಕೆ ಆದ್ರೆ, ಎರಡೂ ಕೈ ಮೇಲೆ. ಎತ್ಕೋ ಅಜ್ಜಿ ಅಂತ. ಅದಕ್ಕೇ ನಾನು ಅಲ್ಲಿಂದ ಕೂಗ್ದೆ, ಎತ್ಕೊಳ್ರೋ ಅಂತ. ನಿಮ್ಮಾಟದಲ್ಲಿ ಬೇರೆ ಅರ್ಥ ಇದೆ ಅಂತ ನನಗೆ ಗೊತ್ತಿರ್ಲಿಲ್ಲ."

ಕ್ಷಮೆ ಕೇಳುವ ದನಿ ಅದು. ಮೇಷ್ಟ್ರ ಹೆಂಡತಿ ಇದನ್ನು ಆಮೇಲೆ ಹೇಳುವಾಗ ಇಲ್ಲಿಗೆ ಬಂದು ಯಂತ್ರ ನಿಲ್ಲಿಸುತ್ತಾರೆ. ಆಗ ಮೇಷ್ಟ್ರು ಕುರ್ಚಿಯನ್ನು ತಿರುಗಿಸಿದರಂತೆ. ಕಾಲು ಒಂದು ಕಡೆ ಎದೆ ಒಂದು ಕಡೆಯಾಗಿ ಅಲ್ಲ, ಪೂರ್ತಿಯಾಗಿ ತಿರುಗಿ, ಮೂವತ್ತೊಂದು ವರ್ಷ ಹೆಂಡತಿಗೂ ಸಿಗದ ಆ ಎದುರು ಮುಖವನ್ನು ಅಜ್ಜಿಗೆ ಕೊಟ್ಟು ಕೂತರು. ಆಮೇಲೆ ಕತ್ತರಿ ಎತ್ತಿ, ಕೆಳಗಿದ್ದ ಹಾಳೆಯನ್ನು ತೆಗೆದು, ಅಂಗಿಯ ಕಾಲರಿನ ಒಳಗೆ ಇಡುವ ಪಟ್ಟಿಗಳ ಆಕಾರಕ್ಕೆ ಶಿಸ್ತಾಗಿ ಕತ್ತರಿಸಿದರು.

ಬುಧವಾರ ವಿಚಾರಣೆಗೆ ಕೋಟು ಹಾಕಿಕೊಂಡು ಹೋದರು. ಮೇಜಿನಾಚೆ ಕೂತಿದ್ದ ಐವರಿಗೆ ಮುಖ ಕೊಟ್ಟೇ ಹೇಳಿದರು: ಕೈ ಎತ್ತಲು ಕಲಿಸಿದ್ದು ನಾನು, ಎತ್ತಿದಾಗ ಹೊಗಳಿದ್ದು ನಾನು, ಗುಂಡಿ ಬಿಟ್ಟು ಹೋಗಿದ್ದೆ, ಚೆಂಡು ನೋಡಿದೆ. ಇನ್ನು ಮುಂದೆ ಎಲ್ಲ ಪಂದ್ಯದಲ್ಲೂ ಚೆಂಡನ್ನು ನೋಡದೆ ತಲೆಗಳನ್ನಷ್ಟೇ ನೋಡುವ ಒಬ್ಬರು ದಡದಲ್ಲಿರಬೇಕು, ಅವರಿಗೆ ಬೇರೆ ಕೆಲಸ ಕೊಡಬಾರದು. ಐವರಲ್ಲೊಬ್ಬರು ಗಡಿಯಾರ ನೋಡಿದರು. ಕ್ಲಬ್ಬು ಮುಂದಿನ ಆದೇಶದವರೆಗೆ ಅಮಾನತಾಯಿತು. ಆ ಆದೇಶ ಇವತ್ತಿಗೂ ಬಂದಿಲ್ಲ. ಅಮಾನತಿನ ಕಾಗದದಲ್ಲಿ ಮೇಷ್ಟ್ರ ಸೂಚನೆಯ ಬಗ್ಗೆ ಒಂದು ಸಾಲೂ ಇಲ್ಲ. ಕಪ್ಪು ಹಲಗೆಯನ್ನು ಕಿತ್ತುಹಾಕಿದ ಜಾಗದಲ್ಲಿ ಗೋಡೆಯ ಮೇಲೆ ಬಣ್ಣ ಮಾಸದ ಒಂದು ಚೌಕ ಉಳಿದಿದೆ. ಕಾರ್ಯದರ್ಶಿ ಬೇರೊಂದು ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದಾರೆ.

ಮೇಷ್ಟ್ರು ಈಗ ಸುದ್ದಿ ಬರೆಯುವುದು ಅಂಗಡಿಯ ಗಾಜಿನ ಬಾಗಿಲಿನ ಮೇಲೆ. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಅದೇ ಸಾಲುಗಳು, ಕೆಳಗೆ ಹೊಸದೊಂದು: "ಎರಡೂ ಕೈ ಎತ್ತಿದರೆ ಎತ್ತಿಕೊಳ್ಳಿ." ಸಂಜೆಯಾಗುವಷ್ಟರಲ್ಲಿ ಬಂದುಹೋಗುವವರ ತೋಳು ಭುಜ ತಾಗಿ ಅಕ್ಷರಗಳು ಮಸುಕಾಗುತ್ತವೆ, ಬಂದುಹೋಗುವವರೂ ಮೊದಲಿನಷ್ಟಿಲ್ಲ. ಸಾವಿನ ಸುದ್ದಿ ಬರೆದ ಬಾಗಿಲನ್ನು ತಳ್ಳಿಕೊಂಡು ಹೋಗಿ ಮದುವೆಯ ಸೂಟಿಗೆ ಅಳತೆ ಕೊಡುವುದು ಹೇಗೆ ಎನ್ನುತ್ತದೆ ಊರು. ಹಟಮಾರಿ ಎನ್ನುತ್ತದೆ, ಹನ್ನೆರಡು ಮಕ್ಕಳ ಆಟ ಕೆಡಿಸಿದವನು ಎನ್ನುತ್ತದೆ. ಆ ಮಕ್ಕಳಲ್ಲಿ ಇಬ್ಬರು ಮೂವರು ಶಾಲೆ ಬಿಟ್ಟ ಮೇಲೆ ಬಂದು ಮೇಜಿನ ಸುತ್ತ ಕೂತು ಹೋಗುತ್ತಾರೆ. ಚೂರುಬಟ್ಟೆ ಜೋಡಿಸಿಕೊಡುತ್ತಾರೆ. ಕೋಟಿನ ಎಡಜೇಬಿನಲ್ಲಿ ಹನ್ನೆರಡು ಗುಂಡಿಗಳಿವೆ. ಅಂಚು ಮುಕ್ಕಾದದ್ದು ಬಲಜೇಬಿನಲ್ಲೇ ಇದೆ.

ಇಂಥ ಮನುಷ್ಯರು ಎಲ್ಲ ಊರಿನಲ್ಲೂ ಒಬ್ಬಿಬ್ಬರಿರುತ್ತಾರೆ. ಎಲ್ಲರೂ ಆಟ ನೋಡಲಿ ಎಂದು ತಾವು ಆಟ ನೋಡದೆ ನಿಂತವರು. ಅವರು ನಿಂತ ನಿಲುವಿನ ಮೇಲೆ ನಮ್ಮ ಮಕ್ಕಳ ಜೀವ ಕೂತಿದೆ ಎಂಬುದು ನಮಗೆ ನೆನಪಾಗುವುದು ಅವರು ಒಂದು ಸಲ ತಪ್ಪಿದಾಗ ಮಾತ್ರ. ತಪ್ಪಿದ ಮೇಲೆ ನಾವು ಅವರಿಗೆ ಎರಡು ದಾರಿ ಕೊಡುತ್ತೇವೆ: ಸುಳ್ಳು ಹೇಳಿ ನಮ್ಮೊಂದಿಗಿರು, ಅಥವಾ ನಿಜ ಹೇಳಿ ಒಬ್ಬನೇ ಇರು. ಹತ್ತೊಂಬತ್ತು ವರ್ಷ ಒಬ್ಬ ಮನುಷ್ಯನ ಮೇಲೆ ಹದಿಮೂರು ತಲೆಗಳನ್ನು ಹೊರಿಸಿ, ಆತನ ಕೋಟು ನೋಡಿ ನಕ್ಕು, ಕ್ಯಾಮೆರಾ ಬಂದ ದಿನ ಆ ಕೋಟನ್ನೂ ಬಿಚ್ಚಿಸಿದವರು ನಾವು. ಗ್ಯಾಲರಿಯಲ್ಲಿ ನಾನೂರು ಜನರಿದ್ದೆವು. ಎಂಟುನೂರು ಕಣ್ಣು. ನೋಡಿದ್ದು ಎರಡು.

ನೀವು ಮತ್ತೆ ಯಾವುದಾದರೂ ಕೊಳದ ಮೆಟ್ಟಿಲ ಮೇಲೆ ಕೂರುತ್ತೀರಿ. ಮಕ್ಕಳು ಟೋಪಿಯ ದಾರ ಕಟ್ಟಿಕೊಂಡು ನೀರಿಗೆ ಇಳಿಯುತ್ತಾರೆ, ಹಳದಿ ಚೆಂಡು ಬೀಳುತ್ತದೆ. ಚೆಂಡನ್ನು ನೋಡಬೇಡಿ, ಅದನ್ನು ನೋಡಲು ಬೇಕಾದಷ್ಟು ಜನರಿದ್ದಾರೆ. ಒಂದು ತಲೆ ಆರಿಸಿಕೊಳ್ಳಿ. ನಿಮ್ಮ ಮಗುವಿನದಲ್ಲ, ಬೇರೆಯವರದು. ಅದು ಹತ್ತಿ ದಡಕ್ಕೆ ಬರುವವರೆಗೂ ಕಣ್ಣು ತೆಗೆಯಬೇಡಿ. ಎರಡೂ ಕೈ ಮೇಲೆದ್ದರೆ ಅದರ ಅರ್ಥವೇನೆಂದು ಪಕ್ಕದವರನ್ನು ಕೇಳುತ್ತಾ ಕೂರಬೇಡಿ. ಇಳಿಯಿರಿ. 

ಎತ್ತಿಕೊಳ್ಳಿ.